ಹೆರಿಗೆ ಕೋಣೆಯ ಪರದೆ

ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸಮತಾ ಜನರ ಪರವಾಗಿ ಸದಸ್ಯೆಯಾದಾಗ ಅವಳ ಅಪ್ಪ ಗಂಗಪ್ಪ ನೇಮಕದ ಆದೇಶವನ್ನು ಮೂರು ಸಲ ಓದಿಸಿಕೊಂಡ. ಇಪ್ಪತ್ತೆಂಟು ವರ್ಷ ಅದೇ ಆಸ್ಪತ್ರೆಯಲ್ಲಿ ಕಸ ಗುಡಿಸಿ ನಿವೃತ್ತನಾದವನು ಅವನು. ಮಗಳು ಕೊಟ್ಟೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು.

ಮೊದಲ ಸಭೆಯ ಹಿಂದಿನ ದಿನ, ಕುರಿ ಸಾಕುವ ಮನೆಯ ಪಕ್ಕೀರಮ್ಮ ಬಂದಳು.

"ಯವ್ವಾ, ಹೆರಿಗಿ ರೂಮಿಗೆ ಪರದಿ ಇಲ್ಲ. ಬಾಗಿಲಾ ಮುಚ್ಚಾಕ ಬರಂಗಿಲ್ಲ. ನಮ್ಮ ಸೊಸಿ ರೇಣುಕಾ ಹಡಿಯಾಗ ಹೋಗೋರು ಬರೋರು ಎಲ್ಲಾ ನೋಡಿದ್ರು. ಮುಂದಿನ ತಿಂಗಳು ಮಗಳು ಶಿವಗಂಗಾನೂ ಅಲ್ಲೇ ಹಡೀಬೇಕು. ಅದೊಂದು ಹೇಳವ್ವ."

"ಹೇಳ್ತೀನಿ ಬಿಡು ದೊಡ್ಡವ್ವ" ಎಂದಳು ಸಮತಾ.

ಸಭೆಯಲ್ಲಿ ದೊಡ್ಡ ಡಾಕ್ಟರು ತಾವೇ ಎದ್ದು ಪಕ್ಕದ ಕುರ್ಚಿ ಎಳೆದುಕೊಟ್ಟರು. "ನಮ್ಮ ಗಂಗಪ್ಪನ ಮಗಳು. ನಮಗೆಲ್ಲಾ ಹೆಮ್ಮೆ" ಎಂದು ಪರಿಚಯಿಸಿದರು. ಅಪ್ಪ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ ಕೋಣೆ ಅದು. ಕೊನೆಗೆ ಡಾಕ್ಟರು ಅವಳತ್ತ ತಿರುಗಿ, "ಜನರಿಂದ ಏನಾದರೂ ದೂರು ಇದೆಯಾ ಮೇಡಂ?" ಎಂದು ಕೇಳಿದರು. ಪಕ್ಕೀರಮ್ಮನ ಮಾತು ನೆನಪಾಯಿತು. ಇಷ್ಟು ಮರ್ಯಾದೆ ಕೊಟ್ಟವರ ಮುಂದೆ ಮೊದಲ ದಿನವೇ ತಪ್ಪು ಎತ್ತುವುದೇ?

"ಏನಿಲ್ಲ ಸಾರ್."

ಸದಸ್ಯರು ಆಸ್ಪತ್ರೆಯ ಸೇವೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು ಎಂದು ಗುಮಾಸ್ತ ಬರೆದ. ಅವಳು ಕೆಳಗೆ ಸಹಿ ಹಾಕಿದಳು.

ಸಂಜೆ ಪಕ್ಕೀರಮ್ಮ ಕೇಳಿದಾಗ ಚಪ್ಪಲಿ ಬಿಡುತ್ತಾ, "ಹೇಳೀನಿ. ಹಾಕಸ್ತಾರ" ಎಂದುಬಿಟ್ಟಳು.

ಮರು ತಿಂಗಳ ಒಂದು ಭಾನುವಾರ ಶಿವಗಂಗಾಳಿಗೆ ನೋವು ಬಂದಿದೆಯೆಂದು ತಿಳಿದು ಸಮತಾ ಆಸ್ಪತ್ರೆಗೆ ಹೋದಳು. ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಪಕ್ಕೀರಮ್ಮ, ರೇಣುಕಾ ಒಂದು ಹಳೆ ಸೀರೆಯ ಎರಡು ತುದಿ ಹಿಡಿದು ನಿಂತಿದ್ದರು. ಬೆಳಗಿನಿಂದ ನಿಂತಿದ್ದರಂತೆ. ರೇಣುಕಾ ಇನ್ನೂ ಹಸಿ ಬಾಣಂತಿ. ಸಮತಾ ಅವಳ ಕೈಯಿಂದ ತುದಿ ತೆಗೆದುಕೊಂಡಳು.

ಒಳಗಿನಿಂದ ಬಂದ ನರ್ಸ್ ಅವಳನ್ನು ಕಂಡು ನಿಂತಳು. "ಮೇಡಂ, ನನಗ ಪರದಿ ಕೇಳಿ ಕೇಳಿ ಸಾಕಾಗೈತಿ. ಮೀಟಿಂಗಿನಾಗ ನೀವಾದ್ರೂ ಒಂದು ಮಾತು ಎತ್ತಬಾರದಿತ್ತೇನ್ರಿ? ಎಲ್ಲಾ ಚಲೋ ಐತಿ ಅಂತ ಸಹಿ ಮಾಡೀರಂತಲ್ರಿ."

ಪಕ್ಕೀರಮ್ಮನಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. ಇಬ್ಬರ ನಡುವೆ ಸೀರೆಯ ಅಗಲವಷ್ಟೇ ಇತ್ತು.

ಕೂಸು ಅತ್ತ ಮೇಲೆ ಸಮತಾ ಬಾಯಿಬಿಟ್ಟಳು. "ದೊಡ್ಡವ್ವ, ನಿನಗ ಸುಳ್ಳು ಹೇಳಿದೆ."

"ಗೊತ್ತಿತ್ತವ್ವ."

"ಯಾವಾಗಿಂದ?"

"ಅವತ್ತೇ. ನನ್ನ ಮಾರಿ ನೋಡಲಿಲ್ಲ ನೀ. ಅದಕ್ಕ ಸೀರಿ ತಂದೀನಿ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಗಂಗಪ್ಪ, "ಆ ಬಾಗಿಲಾ ನಾನೂ ದಿನಾ ನೋಡ್ತಿದ್ದೆ. ನನ್ನ ಯಾರೂ ಕೇಳಲಿಲ್ಲ. ನಿನ್ನ ಕೇಳಿದ್ರಲ್ಲವ್ವಾ" ಎಂದ.

ಮುಂದಿನ ಸಭೆಯಲ್ಲಿ ಸಮತಾ ಎದ್ದು ನಿಂತಳು. "ಹೋದ ಸಲ ತೃಪ್ತಿ ಅಂತ ಬರೆದದ್ದು ಸುಳ್ಳು. ಹೆರಿಗಿ ರೂಮಿಗೆ ಪರದಿ ಇಲ್ಲ, ಬಾಗಿಲಾ ಮುಚ್ಚಂಗಿಲ್ಲ ಅಂತ ಜನ ಹೇಳಿಕಳಿಸಿದ್ದನ್ನ ನಾನು ಹೇಳಲಿಲ್ಲ. ಹಂಗೇ ಬರೀರಿ."

ಹಿರಿಯ ಸದಸ್ಯ ಏಕಾಂತಪ್ಪ, "ಅದೆಲ್ಲಾ ಯಾಕ್ರಿ? ಪರದಿ ಬೇಕು ಅಂತಷ್ಟೇ ಬರಿಯೋಣು" ಎಂದರು. ಅವಳು ಒಪ್ಪಲಿಲ್ಲ. ಡಾಕ್ಟರು ಅವಳತ್ತ ನೋಡದೆ, "ಬರ್ಕೊಳ್ರಿ" ಎಂದು ಗುಮಾಸ್ತನಿಗೆ ಹೇಳಿದರು.

ಎರಡು ವಾರದಲ್ಲಿ ಪರದೆ ಬಂತು, ಬಾಗಿಲೂ ರಿಪೇರಿಯಾಯಿತು. ಪಕ್ಕೀರಮ್ಮ ಈಗಲೂ ಎದುರಾದರೆ ನಿಂತು ಮಾತಾಡಿಸುತ್ತಾಳೆ, ಮೊಮ್ಮಗಳನ್ನು ಎತ್ತಿಕೊಳ್ಳಲು ಕೊಡುತ್ತಾಳೆ. ಆದರೆ ಮೊನ್ನೆ ಬಿಪಿ ಮಾತ್ರೆ ಸಿಗದಿದ್ದಾಗ ಅವಳು ಸಮತಾಳ ಮನೆಗೆ ಬರಲಿಲ್ಲ, ತಾನೇ ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳಂತೆ. ನರ್ಸ್ ಇದನ್ನು ನಗುತ್ತಾ ಹೇಳಿದಳು. ಸಮತಾಳಿಗೆ ನಗು ಬರಲಿಲ್ಲ.