ಸಿಂಬಿಯ ನಡುವೆ ಬೀಳುವ ಮಣಿ

ಮಹಾದೇವಿ ಮಾಡಿದ ಮಾದರಿಗೆ ಹಿತೇಶನ ಹೆಸರು ಅಂಟಿಸಿದರು.

ಮುಂಬೈಯ ಸಾಂತಾಕ್ರೂಜ್‌ನ ಕಾಲೇಜಿನಲ್ಲಿ ಅಂದು ವಿಜ್ಞಾನ ಪ್ರದರ್ಶನ. ಮಾದರಿಯೆಂದರೆ ಅವಳವ್ವ ಇಂದ್ರಾಬಾಯಿ ಇಟ್ಟಿಗೆ ಹೊರುವಾಗ ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬಿ. ಅದರ ತೂತಿನ ನಡುವೆ ಮೇಲಿಂದ ಕೆಳಕ್ಕೆ ಬಿಗಿದ ದಾರ, ದಾರದಲ್ಲೊಂದು ಕೆಂಪು ಮಣಿ. ಭೂಮಿ ಚೆಂಡಿನಂತಿರದೆ ಸಿಂಬಿಯಂತಿದ್ದರೆ ಮೇಲಿಂದ ಬಿಟ್ಟ ಕಲ್ಲು ಹೇಗೆ ಬಿದ್ದೀತು? ಅದನ್ನು ಮಹಾದೇವಿ ಮಣಿಯನ್ನು ಕೈಯಿಂದ ಸರಿಸಿ ತೋರಿಸುತ್ತಿದ್ದಳು.

ಆಂಟಾಪ್ ಹಿಲ್‌ನಲ್ಲಿ ತಾವಿದ್ದ ಪುಟ್ಟ ಖೋಲಿಯಲ್ಲಿ ಅವ್ವನಿಗೇ ಮೊದಲು ತೋರಿಸಿದ್ದಳು.

"ತೂತಿನ್ಯಾಗ ಬಂದು ಕುಂಡ್ರತೈತಿ, ಮತ್ತೇನು?" ಎಂದಿದ್ದಳು ಅವ್ವ.

"ಇಲ್ಲಬೇ. ನಡುವಿಗೆ ಬಂದಾಗ ಸುತ್ತೂ ಕಡೆಯಿಂದ ಒಂದೇ ಸಮ ಜಗ್ಗತೈತಿ, ಸೆಳೆತ ಇಲ್ಲದಂಗ ಆಗತೈತಿ. ಆದ್ರ ಓಡಿ ಬಂದ ವೇಗ ಎಲ್ಲಿ ಹೋಗಬೇಕು? ಆಚೆ ದಾಟತೈತಿ. ಅಲ್ಲಿಂದ ಮತ್ತ ಹೊಳ್ಳಿ ಬರತೈತಿ."

"ಅಂದ್ರ ನಿಮ್ಮಪ್ಪ ಇದ್ದಂಗ ಬಿಡು. ಊರಾಗೂ ನಿಲ್ಲಂಗಿಲ್ಲ, ಮುಂಬೈದಾಗೂ ನಿಲ್ಲಂಗಿಲ್ಲ!"

ಪಾಠ ಹೇಳುವ ವಿನೋದಿನಿ ಮ್ಯಾಡಮ್ ಉಡುಪಿ ಕಡೆಯವರು. ಕೆಟ್ಟವರೇನಲ್ಲ, ಮಹಾದೇವಿಗೆ ಎಷ್ಟೋ ಪುಸ್ತಕ ಮನೆಯಿಂದ ತಂದುಕೊಟ್ಟವರು. ಹಿತೇಶನ ಹೆಸರು ಅಂಟಿಸಿದವರೂ ಅವರೇ. "ಹೆಸರು ನೋಡಿ ಬೇಜಾರು ಮಾಡ್ಬೇಡ ಮಾರಾಯ್ತಿ. ಪರೀಕ್ಷಕರಿಗೆ ಇಂಗ್ಲಿಷಲ್ಲಿ ಫಟಾಫಟ್ ಹೇಳ್ಬೇಕಲ್ಲ? ಹಿತೇಶ್ ಮಾತಾಡ್ಲಿ, ನೀನು ಮಣಿ ಸರಿಸು."

ಹಿತೇಶ್ ಅವಳದೇ ತರಗತಿಯ ಹುಡುಗ, ಹೋಟೆಲ್ ಮಾಲೀಕರ ಮಗ. ಇಂಗ್ಲಿಷ್ ಅವನಿಗೆ ನೀರು ಕುಡಿದಷ್ಟು ಸಲೀಸು. ಮಹಾದೇವಿ ಮಣಿ ಹಿಡಿದು ನಿಂತಳು. ಈ ಊರಿಗೆ ಅವಳವ್ವನದೂ ಕೈ ಮಾತ್ರ ಬೇಕಾಗಿತ್ತು, ಬಾಯಿ ಬೇಕಾಗಿರಲಿಲ್ಲ.

ಪರೀಕ್ಷಕರು ಬಂದರು. ಹಿತೇಶ್ ಬಡಬಡ ಹೇಳುತ್ತಾ ಹೋದ. "ತೂತಿನ ಹತ್ತಿರ ಬಂದಷ್ಟೂ ಸೆಳೆತ ಹೆಚ್ಚು. ಅದಕ್ಕೇ ಕಲ್ಲು ನಡುವೆ ಸಿಕ್ಕಿ ನಿಂತುಬಿಡುತ್ತದೆ," ಎಂದೂ ಹೇಳಿಬಿಟ್ಟ. ಹೇಳಿದ ಮೇಲೆ ತಪ್ಪು ಹೊಳೆದು ಅವನ ಕಿವಿ ಕೆಂಪಾದವು.

"ಹೌದೇ? ತೋರಿಸಿ," ಎಂದರು ಪರೀಕ್ಷಕರು.

ಮ್ಯಾಡಮ್ ಬಗ್ಗಿ, ಪರೀಕ್ಷಕರಿಗೆ ತಿಳಿಯದ ಕನ್ನಡದಲ್ಲಿ ಪಿಸುಗುಟ್ಟಿದರು: "ನಡುವೆ ನಿಲ್ಸು. ಅವ ಹೇಳಿ ಆಯ್ತಲ್ಲ."

"ಅದು ನಿಲ್ಲಂಗಿಲ್ರೀ ಮ್ಯಾಡಮ್."

"ಗೊತ್ತುಂಟು ಮಾರಾಯ್ತಿ. ಕಾಲೇಜಿನ ಮರ್ಯಾದೆ, ಇವತ್ತೊಂದು ದಿನ. ನಿನ್ನ ದಮ್ಮಯ್ಯ!"

ಮಹಾದೇವಿ ಮಣಿಯನ್ನು ಮೇಲಿಂದ ಬಿರುಸಾಗಿ ತಂದು, ತೂತು ದಾಟಿಸಿ, ಕೆಳತುದಿಯವರೆಗೆ ಒಯ್ದಳು.

"ನಿಲ್ಸಂಗಿಲ್ರೀ," ಎಂದಳು, ಎಲ್ಲರಿಗೂ ಕೇಳುವಂತೆ.