ಬಿದಿರು ಗೋಡೆಯ ಸಂದಿನಲ್ಲಿ ಉಳಿದ ಏಳು ಮಾತ್ರೆ

ಮೇಘನಾ ನದಿಯ ನೆರೆ ಇಳಿದು ಎಂಟು ದಿನವಾಗಿತ್ತು. ರಾಹೆಲಾಳ ಮಡಿಲಲ್ಲಿ ಹದಿನಾಲ್ಕು ತಿಂಗಳ ಮುಕ್ತಾ ಬೆಳಗಿನಿಂದ ಆರನೆಯ ಸಲ ನೀರಿನಂತೆ ಭೇದಿ ಮಾಡಿಕೊಂಡಳು. ಕಣ್ಣು ಗುಳಿಬಿದ್ದಿತ್ತು. ಅತ್ತರೂ ಕಣ್ಣೀರಿಲ್ಲ. ಹೋದ ತಿಂಗಳಷ್ಟೇ ಹೀಗಾಗಿ ವಾಸಿಯಾಗಿತ್ತು, ಈಗ ಮತ್ತೆ.

"ನಿನ್ನೆ ಮೀನು ತಿಂದೆಯಲ್ಲ, ಅದೇ ನಿನ್ನ ಹಾಲಿಗೆ ಇಳಿದಿದೆ" ಎಂದಳು ಅತ್ತೆ ಹಜೇರಾ. "ಬಾಯಿ ಕಟ್ಟು ಅಂದ್ರೆ ಕೇಳ್ತೀಯಾ?"

ರಾಹೆಲಾ ನದಿಯತ್ತ ತಿರುಗಿದಳು. ಊರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಆರೋಗ್ಯ ಕಾರ್ಯಕರ್ತೆ ಫಿರೋಜಾಳ ದೋಣಿ ಬರುವುದನ್ನೇ ನೋಡುತ್ತಿದ್ದಳು.

ಆಪಾ ಬಂದವಳೇ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ನಿಧಾನವಾಗಿ ಒಳಸರಿಯಿತು, ಮೈಯಲ್ಲಿ ನೀರು ಬತ್ತಿದ ಗುರುತು. ದೋಣಿಯವನತ್ತ ತಿರುಗಿ, "ಹೋಗಬೇಡಣ್ಣ, ಇಲ್ಲೇ ಇರು" ಎಂದಳು. ಓಆರ್‌ಎಸ್ ಕಲಸಿ ಚಮಚ ಚಮಚವಾಗಿ ಕುಡಿಸತೊಡಗಿದಳು. "ರಾಹೆಲಾ, ಇವಳು ಕುಡಿಯೋದು ನಿಲ್ಲಿಸಿದ್ರೆ, ಸೊರಗಿ ಬಿದ್ರೆ, ಭೇದೀಲಿ ರಕ್ತ ಕಂಡ್ರೆ, ಆಮೇಲೆ ಮಾತಿಲ್ಲ, ಆಸ್ಪತ್ರೆಗೇ. ಹೋದ ಸಲ ಹತ್ತು ಜಿಂಕ್ ಮಾತ್ರೆ ಕೊಟ್ಟಿದ್ದೆ. ಮುಗಿಸಿದ್ಯಾ?"

ರಾಹೆಲಾ ತಲೆ ತಗ್ಗಿಸಿದಳು. ಹಜೇರಾ ಬಿದಿರು ಗೋಡೆಯ ಸಂದಿಗೆ ಕೈಹಾಕಿ ಮಾತ್ರೆಯ ಪಟ್ಟಿಯನ್ನು ಹೊರಗೆಳೆದಳು. ಏಳು ಮಾತ್ರೆಗಳು ನೆರೆಯ ತೇವಕ್ಕೆ ಮೆತ್ತಗಾಗಿದ್ದವು.

"ಮೂರೇ ದಿನಕ್ಕೆ ಭೇದಿ ನಿಂತಿತಲ್ಲ. ಮತ್ತೆ ಬೇಕಾದೀತು ಅಂತ ಎತ್ತಿಟ್ಟೆ. ನನ್ನದೇನು ತಪ್ಪು?"

"ಚಾಚಿ," ಎಂದಳು ಆಪಾ, "ನೆರೆ ಇಳಿದ ಮೇಲೂ ಮನೆ ನಿಂತಿರೋ ಮಣ್ಣಿನ ದಿಬ್ಬಕ್ಕೆ ಯಾಕೆ ಮಣ್ಣು ಮೆತ್ತುತ್ತಿದ್ದೀರಿ? ನೀರು ಹೋಯಿತಲ್ಲ?"

"ಹುಚ್ಚಿ! ಕೊರೆದ ಕಡೆ ಈಗಲೇ ಮೆತ್ತದಿದ್ರೆ ಮುಂದಿನ ನೆರೆಗೆ ಮನೆಯೇ ಹೋಗುತ್ತೆ."

"ಭೇದಿಯೂ ಒಂದು ನೆರೆ. ಕರುಳು ಕೊರೆದು, ಮೈಯಲ್ಲಿದ್ದ ಜಿಂಕನ್ನೂ ತೊಳೆದುಕೊಂಡು ಹೋಗುತ್ತೆ. ರೋಗದ ಜೊತೆ ಹೋರಾಡೋ ಕಣಗಳು ಹುಟ್ಟೋಕೆ, ಬಲವಾಗೋಕೆ ಜಿಂಕ್ ಬೇಕು. ಹತ್ತು ಬುಟ್ಟಿ ಬೇಕಿದ್ದ ಕಡೆ ನೀವು ಮೂರು ಬುಟ್ಟಿ ಮಣ್ಣು ಹಾಕಿ ಕೈ ತೊಳೆದುಕೊಂಡಿರಿ."

ಹಜೇರಾ ಮೆತ್ತಗಾದ ಪಟ್ಟಿಯನ್ನು ಪಕ್ಕಕ್ಕಿಟ್ಟಳು.

ಆಪಾ ಹೊಸ ಪಟ್ಟಿಯ ಒಂದು ಮಾತ್ರೆಯನ್ನು ಚಮಚದಲ್ಲಿ ಎದೆಹಾಲಿನಲ್ಲಿ ಕರಗಿಸಿ ಕುಡಿಸಿದಳು. ಮುಕ್ತಾ ಕೂಡಲೇ ವಾಂತಿ ಮಾಡಿದಳು.

"ಅಯ್ಯೋ, ಇದು ಒಗ್ಗಲ್ಲ! ಬಿಡು ಮಗಳೇ!" ಹಜೇರಾ ಮೊಮ್ಮಗಳನ್ನು ಕಸಿದುಕೊಂಡಳು.

ರಾಹೆಲಾ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಆದರೂ ಕೈಚಾಚಿದಳು. "ಆಪಾ, ಇನ್ನೊಂದು ಕೊಡಿ. ಅಮ್ಮಾ, ನೀವು ಹಿಡಿದುಕೊಳ್ಳಿ, ನಾನೇ ಕುಡಿಸ್ತೀನಿ."

ಈ ಸಲ ಮಾತ್ರೆ ಒಳಗೇ ಉಳಿಯಿತು. ಮತ್ತೆ ಚಮಚ, ಮತ್ತೆ ಗುಟುಕು. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಇದ್ದಕ್ಕಿದ್ದಂತೆ ಹಜೇರಾ ಕೂಗಿದಳು:

"ಒದ್ದೆ! ನನ್ನ ಸೀರೆಯೆಲ್ಲ ಒದ್ದೆ! ಉಚ್ಚೆ ಹೊಯ್ದಳು ಕಣೇ ನನ್ನ ರಾಣಿ! ಮೈಯಲ್ಲಿ ನೀರು ನಿಂತಿತು!"

ದೋಣಿಯವನು ಆಗ ಬೀಡಿ ಹಚ್ಚಿದ.

ಮೂರನೆಯ ದಿನ ಭೇದಿ ನಿಂತಿತು. ನಾಲ್ಕನೆಯ ದಿನ ಬೆಳಿಗ್ಗೆ ರಾಹೆಲಾ ಏಳುವಷ್ಟರಲ್ಲಿ ಅತ್ತೆ ಚಮಚ ಹಿಡಿದು ಕೂತಿದ್ದಳು. ದಿಬ್ಬಕ್ಕೆ ಮಣ್ಣು ಮೆತ್ತುವುದಿತ್ತು, ಅದಕ್ಕೂ ಮೊದಲು ಮಾತ್ರೆ ಕುಡಿಸಲು ಕೈ ತೊಳೆದುಕೊಂಡಿದ್ದಳು.

"ಏನು ನೋಡ್ತೀ? ಹಾಲು ಕೊಡು. ಇನ್ನೂ ಏಳು ಬುಟ್ಟಿ ಬಾಕಿ ಇದೆ. ಆಮೇಲೆ ನೀನೂ ಮೀನು ತಿನ್ನು."

ಅಕ್ಕತಂಗಿಯರೇ, ನಿಮ್ಮ ಮಗುವಿಗೂ ಭೇದಿಯಾದರೆ ಓಆರ್‌ಎಸ್ ಜೊತೆ ಜಿಂಕ್ ಕೇಳಿ ಪಡೆಯಿರಿ. ಎದೆಹಾಲು, ಊಟ ನಿಲ್ಲಿಸಬೇಡಿ. ಹತ್ತು ದಿನ ಅಂದರೆ ಹತ್ತು, ಹದಿನಾಲ್ಕು ಅಂದರೆ ಹದಿನಾಲ್ಕು. ಭೇದಿ ನಿಂತರೂ ಮಾತ್ರೆ ನಿಲ್ಲಬಾರದು. ನಿಮ್ಮ ಮನೆಯ ಯಾವ ಸಂದಿಯಲ್ಲಾದರೂ ಅರ್ಧ ಪಟ್ಟಿ ಉಳಿದಿದೆಯೇ? ಇವತ್ತೇ ಹೋಗಿ ನೋಡಿ, ನಿಮ್ಮೂರಿನ ಆಶಾ ಅಕ್ಕನನ್ನು ಕೇಳಿ.