ಅಡುಗೆಯವಳ ಮೂಗು

ಹಾಸ್ಟೆಲ್ಲಿನಲ್ಲಿ ಇನ್ನೂರು ಮಂದಿಗೆ ಬೇಯಿಸಿ ಹಾಕುವವಳು ನಾನು. ಹಾಲು ಕೆಟ್ಟಿದೆಯೋ, ಮಾಂಸ ಹಳಸಿದೆಯೋ ಎಂದು ಅಲ್ಲಿಯೂ ಮನೆಯಲ್ಲಿಯೂ ಎಲ್ಲರೂ ಪಾತ್ರೆಯನ್ನು ನನ್ನ ಮೂಗಿನ ಕೆಳಗೇ ತಂದು ಹಿಡಿಯುತ್ತಿದ್ದರು. ಪೊಟ್ಟಣದ ಮೇಲಿನ ತಾರೀಖನ್ನು ಯಾರು ಓದುತ್ತಾರೆ? ನಾನು ಮೂಸಿ ‘ಸರಿಯಿದೆ’ ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು, ಹೋಗುವಾಗ ವಾಸನೆಯನ್ನೇ ಕಿತ್ತುಕೊಂಡು ಹೋಯಿತು. ಈರುಳ್ಳಿ ಸೀದು ಕರಕಲಾದರೂ ನನಗೆ ಗೊತ್ತಾಗದು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹಾಸ್ಟೆಲ್ಲಿನಲ್ಲಿ ತಿಳಿದರೆ ಕೆಲಸ ಹೋಗುತ್ತದೆ, ಅದು ಹೊಟ್ಟೆಪಾಡು. ಮನೆಯಲ್ಲಿ ಯಾಕೆ ಮುಚ್ಚಿಟ್ಟೆ? ಬರೀ ಜಂಬ, ಇನ್ನೇನು! ಪಾತ್ರೆ ತಂದರೆ ಹಳೆಯ ಗತ್ತಿನಲ್ಲೇ ಮೂಸಿ, ಅಂದಾಜಿನ ಮೇಲೆ ತೀರ್ಪು ಕೊಡುತ್ತಿದ್ದೆ.

ಮಗಳು ಏಳು ತಿಂಗಳ ಬಸುರಿಯಾಗಿ ನನ್ನ ಜೊತೆ ಇರಲು ಬಂದಳು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಅವಳಿಗೆ ಸೋಪೂ ನಾತ, ಗಂಡನ ಅಂಗಿಯೂ ನಾತ. “ನೀನಿಲ್ಲಿಗೆ ಬಂದಿದ್ದಕ್ಕೆ ಪಾಪ, ಅವನು ಬದುಕಿಕೊಂಡ” ಎಂದು ಗೇಲಿ ಮಾಡುತ್ತಿದ್ದೆ.

ಅವತ್ತು ಬೆಳಿಗ್ಗೆ ಕೋಳಿ ಬೇಯಿಸಿ, ಆರಲಿ ಎಂದು ಒಲೆಯ ಪಕ್ಕ ಬಿಟ್ಟವಳು ಫ್ರಿಜ್ಜಿಗಿಡದೆ ಕೆಲಸಕ್ಕೆ ಹೋದೆ. ವಿಪರೀತ ಸೆಖೆ. ಮಗಳು ಮಧ್ಯಾಹ್ನ ಬ್ರೆಡ್ ತಿಂದು ಮಲಗಿದ್ದಳಂತೆ. ನಾನು ಹಾಸ್ಟೆಲ್ಲಿನಲ್ಲೇ ಉಂಡು, ಸಂಜೆ ಬಂದು, ಅದನ್ನೇ ಉಗುರುಬೆಚ್ಚಗೆ ಮಾಡಿ ಅವಳಿಗೆ ಬಡಿಸಿದೆ.

“ಅಮ್ಮ, ಇದ್ಯಾಕೋ ಒಂಥರಾ ವಾಸನೆ.”

ತಟ್ಟೆ ಎತ್ತಿ ಎರಡೆರಡು ಸಲ ಮೂಸಿದೆ. “ಏನೂ ಆಗಿಲ್ಲ. ಬಸುರಿ ಮೂಗು ನಂಬ್ಕೊಂಡ್ರೆ ಉಪವಾಸ ಬೀಳ್ತೀಯ. ಸುಮ್ನೆ ತಿನ್ನು.”

“ನೀನೇ ಹೇಳಿದ್ಮೇಲೆ ಇನ್ನೇನು” ಎಂದು ತಿಂದಳು.

ಮರುದಿನ ವಾಂತಿ, ಭೇದಿ. ಮೂರನೆಯ ದಿನ ಮೈ ಸುಡುವ ಜ್ವರ. ಆಸ್ಪತ್ರೆಗೆ ಸೇರಿಸಿ ಅಳಿಯನಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ಅವಳ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಆಡಿಸಿದರು. ತುಂಬಾ ಹೊತ್ತು ಆಡಿಸಿದರು. ಮಗುವಿನ ಎದೆಬಡಿತ ನಿಂತಿತ್ತು.

ಆಮೇಲೆ ಏನೇನು ತಿಂದಿದ್ದಳೆಂದು ವಿಚಾರಿಸಿ ಕೇಳಿದರು: “ಆ ಕೋಳಿ ಬೇಯಿಸಿದ್ದು ಹೊರಗೆ ಎಷ್ಟು ಹೊತ್ತಿತ್ತು?”

“ಬೆಳಿಗ್ಗೆಯಿಂದ ಸಂಜೆ ತನಕ. ಮೂಸಿ ನೋಡೇ ಕೊಟ್ಟಿದ್ದೆ.”

“ಎರಡು ಗಂಟೆಯೊಳಗೆ ಫ್ರಿಜ್ಜಲ್ಲಿ ಇಡ್ಬೇಕಿತ್ತಮ್ಮ. ತಿನ್ನೋ ಮುಂಚೆ ಚೆನ್ನಾಗಿ ಕುದಿಸ್ಬೇಕಿತ್ತು. ಮೂಸಿ ನೋಡಿದ್ರೆ ಸಾಲದು. ಎಷ್ಟೋ ಸಲ ಕೆಟ್ಟಿದ್ರೂ ವಾಸನೆ ಬರಲ್ಲ.”

ಡಾಕ್ಟರಮ್ಮ ಹೋದ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡಳು. “ಕೇಳಿಸ್ಕೊಂಡ್ಯಾ ಅಮ್ಮ? ನಿನ್ನ ತಪ್ಪಲ್ಲ. ಯಾರ ಮೂಗಿಗೂ ಗೊತ್ತಾಗಲ್ವಂತೆ.”

ಮಗು ಕಳೆದುಕೊಂಡವಳು ನನಗೆ ಸಮಾಧಾನ ಹೇಳುತ್ತಿದ್ದಳು. ಅಯ್ಯೋ, ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಮಗಳಾದರೂ ಉಳಿಯುತ್ತಿದ್ದಳು. ಕರುಳು ತಡೆಯಲಿಲ್ಲ.

“ನಿನ್ನ ಮೂಗಿಗೆ ಗೊತ್ತಾಗಿತ್ತು ಕಣೇ” ಎಂದೆ. “ನನಗೆ ಎರಡು ವರ್ಷದಿಂದ ಏನೂ ವಾಸನೆ ಬರಲ್ಲ. ನಿನಗೆ ಸುಳ್ಳು ಹೇಳಿದೆ.”

ಬೈದಿದ್ದರೆ, ಎದ್ದು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೈ ಬಿಡಿಸಿಕೊಂಡು ಬಾಗಿಲ ಬಳಿಯಿದ್ದ ನರ್ಸನ್ನು ಕರೆದಳು.

“ಸಿಸ್ಟರ್, ಇವರನ್ನ ಹೊರಗೆ ಕಳಿಸಿ. ನನ್ನ ಗಂಡ ಬಂದ್ರೆ ಸಾಕು.”

ನರ್ಸಿಗೆ ತಬ್ಬಿಬ್ಬಾಯಿತು. “ಇವರು ನಿಮ್ಮ ತಾಯಿ ಅಲ್ವಾ?”

ಏನು ಹೇಳುತ್ತಾಳೋ ಎಂದು ನಾನೂ ಕಾದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.